ಗುತ್ತಿನ ಮನೆಯ ಹಳೇ ಗ್ರೂಪ್ ಫೋಟೋ: ಉಳಿಸುವುದು ಹೇಗೆ, ಅಂಚಿನಲ್ಲಿ ನಿಂತವರು ಯಾರು?

ಬಾಕಿಮಾರು (ಚರ್ಚೆ ಶುರು ಮಾಡಿದವರು):

ಎಲ್ಲರಿಗೂ ನಮಸ್ಕಾರ. ನಮ್ಮದು ಉಡುಪಿ ಕಡೆಯ ಒಂದು ಗುತ್ತಿನ ಮನೆ, ಅಂದರೆ ಹಳೇ ಜಮೀನ್ದಾರಿ ಮನೆತನ. ಚಾವಡಿಯಲ್ಲಿ ಒಂದು ದೊಡ್ಡ ಗ್ರೂಪ್ ಫೋಟೋ ಉಂಟು. ನಾಲ್ಕು ತಲೆಮಾರಿನಿಂದ ಅದೇ ಗೋಡೆಯಲ್ಲಿ ಇದೆ. ಈ ಸಲ ಮಾಡು ಬಿಚ್ಚಿ ರಿಪೇರಿ ಮಾಡುವಾಗ ಕೆಳಗಿಳಿಸಿದೆವು. ಹಿಂದಿನ ಹಲಗೆಗೆ ಗೆದ್ದಲು ಹಿಡಿದಿದೆ. ಫೋಟೋದ ಒಂದು ಮೂಲೆ ಗಾಜಿಗೆ ಅಂಟಿಕೊಂಡಿದೆ. ಅಂಚಿನ ಕಪ್ಪು ಜಾಗಗಳನ್ನು ಓರೆಯಾಗಿ ನೋಡಿದರೆ ಬೆಳ್ಳಿಯ ಹಾಗೆ ನೀಲಿ ಹೊಳಪು ಕಾಣುತ್ತದೆ.

ಫೋಟೋ ಸುಮಾರು 12 ಇಂಚು ಅಗಲ, 10 ಇಂಚು ಎತ್ತರ. ದಪ್ಪ ರಟ್ಟಿಗೆ ಅಂಟಿಸಿದ್ದಾರೆ. ಮನೆಯ ಅಂಗಳದಲ್ಲೇ ತೆಗೆದದ್ದು, ಹಿಂದೆ ನಮ್ಮ ಹೆಬ್ಬಾಗಿಲು, ಕೆತ್ತನೆಯ ಕಂಬ ಎಲ್ಲ ಕಾಣುತ್ತದೆ. ಒಟ್ಟು 19 ಜನ. ನಡುವೆ ಕುರ್ಚಿಯಲ್ಲಿ ಯಜಮಾನರು, ಕೋಟು, ಮುಂಡಾಸು, ಎರಡೂ ಕೈ ಮೊಣಕಾಲಿನ ಮೇಲೆ. ಅವರ ಆಚೆ ಈಚೆ ಇಬ್ಬರು ಅಕ್ಕಂದಿರು. ಮಕ್ಕಳು ಚಾಪೆಯ ಮೇಲೆ. ನನ್ನ ಅಮ್ಮನ ಅಜ್ಜಿ ಅಲ್ಲಿ ಏಳೆಂಟು ವರ್ಷದ ಹುಡುಗಿ, ಕಾಲಲ್ಲಿ ಗೆಜ್ಜೆ. ಅಂಚಿನಲ್ಲಿ ನಾಲ್ಕು ಜನ ನಿಂತಿದ್ದಾರೆ. ಎಡಗಡೆ ಇಬ್ಬರು ಗಂಡಸರು, ಅವರ ಪಕ್ಕ ಒಬ್ಬ ಹುಡುಗ. ಬಲಗಡೆ ಮಗು ಎತ್ತಿಕೊಂಡ ಒಬ್ಬಳು ಹೆಂಗಸು. ಈ ನಾಲ್ಕು ಜನರ ಹೆಸರು ಮನೆಯಲ್ಲಿ ಯಾರಿಗೂ ಗೊತ್ತಿಲ್ಲ.

ಪೇಟೆಯ ಒಂದು ಅಂಗಡಿಗೆ ಒಯ್ದು ತೋರಿಸಿದೆ. "ಅಂಚಿನಲ್ಲಿ ನಿಂತ ಕೆಲಸದವರನ್ನು ತೆಗೆದು ನೀಟಾಗಿ ಮಾಡಿ ಕೊಡ್ತೇವೆ, ಕಲರ್ ಕೂಡ ಹಾಕ್ತೇವೆ" ಅಂದರು. ನನಗೆ ಸರಿ ಕಾಣಲಿಲ್ಲ. ವಾಪಸ್ ತಂದೆ.

ಈಗ ಕೇಳಬೇಕಾದದ್ದು: ಗಾಜಿನಿಂದ ಬಿಡಿಸುವುದು ಹೇಗೆ? ಯಾವ ಕಾಲದ ಫೋಟೋ ಅಂತ ತಿಳಿಯುವ ದಾರಿ ಉಂಟಾ? ಮತ್ತೆ, ಮನೆಯಲ್ಲಿ ಈಗ ನಾಲ್ಕು ಕವಲು. ನಾಲ್ವರಿಗೂ ಅಸಲು ಫೋಟೋನೇ ಬೇಕು. ಇದನ್ನು ಯಾರು ಇಟ್ಟುಕೊಳ್ಳಬೇಕು?

ಹಳೆಗಾಜು:

ಮೊದಲು ಒಂದು ಮಾತು. ಬಿಡಿಸಲು ಹೋಗಬೇಡಿ. ನೀರು ಚಿಮುಕಿಸಬೇಡಿ, ಹೇರ್ ಡ್ರೈಯರ್ ಹಿಡಿಯಬೇಡಿ, ಬ್ಲೇಡ್ ತೂರಿಸಬೇಡಿ. ಕರಾವಳಿಯ ಮನೆಗಳಲ್ಲಿ ಇದು ಸಾಮಾನ್ಯ. ಫೋಟೋದ ಮೇಲ್ಪದರ ಜೆಲಟಿನ್. ಮಳೆಗಾಲದ ತೇವಕ್ಕೆ ಅದು ಉಬ್ಬಿ ಮೆತ್ತಗಾಗುತ್ತದೆ, ಗಾಜಿಗೆ ತಾಗಿದ್ದರೆ ಅಲ್ಲೇ ಹಿಡಿಯುತ್ತದೆ. ಎಳೆದರೆ ಚಿತ್ರ ಗಾಜಿನಲ್ಲಿ ಉಳಿಯುತ್ತದೆ, ನಿಮ್ಮ ಕೈಗೆ ಬರೀ ಕಾಗದ ಬರುತ್ತದೆ. ಗಾಜಿನ ಸಮೇತ ಇರಲಿ. ಹಿಂದಿನ ಗೆದ್ದಲು ಹಲಗೆ ಮಾತ್ರ ನಿಧಾನವಾಗಿ ತೆಗೆಯಿರಿ. ಮೊಳೆಗಳನ್ನು ಇಕ್ಕಳದಲ್ಲಿ ನೇರ ಮಾಡಿ ಎಳೆಯಿರಿ, ಸುತ್ತಿಗೆ ಬೇಡ.

ನೀಲಿ ಹೊಳಪು ಬಂತು ಅಂದಿರಲ್ಲ, ಅದು ಚಿತ್ರದೊಳಗಿನ ಬೆಳ್ಳಿಯೇ ಮೇಲೆ ಬಂದದ್ದು. ಗಾಳಿಯ ತೇವ, ಹಲಗೆಯಿಂದ ಬರುವ ಆಮ್ಲ, ಇವೆರಡೂ ಸೇರಿ ಬೆಳ್ಳಿಯನ್ನು ಕರಗಿಸಿ ಮೇಲಕ್ಕೆ ತರುತ್ತವೆ. ಒರೆಸಿದರೆ ಚಿತ್ರವೇ ಹೋಗುತ್ತದೆ. ಆದರೆ ಈ ಹೊಳಪಿನಿಂದ ಒಂದು ಉಪಕಾರವೂ ಇದೆ, ಕಾಲ ಹೇಳುವುದಕ್ಕೆ. ಮೊಟ್ಟೆಯ ಬಿಳಿಯಿಂದ ಮಾಡುತ್ತಿದ್ದ ಅಲ್ಬುಮಿನ್ ಕಾಗದ 1850ರಲ್ಲಿ ಬಂತು, 1890ರ ದಶಕದವರೆಗೂ ಅದರದ್ದೇ ರಾಜ್ಯ. ಅದು ಹಳದಿ, ಕಂದು ಬಣ್ಣಕ್ಕೆ ತಿರುಗುತ್ತದೆ, ಈ ಥರ ಹೊಳೆಯುವುದು ಅಪರೂಪ. ನಿಮ್ಮದು ಜೆಲಟಿನ್ ಕಾಗದ. ಹಾಗಾಗಿ 1890ರ ಈಚೆಗಿನದು ಅಂತ ಇಟ್ಟುಕೊಳ್ಳಬಹುದು.

ಘಟ್ಟದಮೇಲೆ:

ಚೆಂದ ಇದೆ ವಿವರಣೆ. ನಡುವೆ ಕೂತ ಯಜಮಾನರು ನಿಮ್ಮ ಅಮ್ಮನ ಅಜ್ಜಿಯ ಅಪ್ಪನಾ? ಮುಖ ಹೋಲುತ್ತಾ?

ಬಾಕಿಮಾರು:

ಅಲ್ಲ. ಅವರು ಅಜ್ಜಿಯ ಸೋದರಮಾವ. ಅಪ್ಪ ಈ ಫೋಟೋದಲ್ಲೇ ಇಲ್ಲ. ನಮ್ಮದು ಅಳಿಯಕಟ್ಟು. ಮಕ್ಕಳು ಅಮ್ಮನ ಮನೆಯವರು. ಆಸ್ತಿ ಮಾವನಿಂದ ಅಳಿಯನಿಗೆ, ಅಂದರೆ ಅಕ್ಕ ತಂಗಿಯರ ಮಕ್ಕಳಿಗೆ. ಹಾಗಾಗಿ ಯಜಮಾನರ ಹೆಂಡತಿ, ಅವರ ಸ್ವಂತ ಮಕ್ಕಳು ಕೂಡ ಇದರಲ್ಲಿ ಇಲ್ಲ. ಅವರು ಬೇರೆ ಗುತ್ತಿನ ಫೋಟೋದಲ್ಲಿ ಇರಬೇಕು!

ಕಡಲತಡಿ:

ಇದನ್ನು ತುಳುನಾಡಿನ ಹೊರಗಿನವರು ಗಮನಿಸಬೇಕು. ನಮ್ಮ ಕಡೆಯ ಹಳೇ ಮನೆಗಳ ಫೋಟೋದಲ್ಲಿ ಗಂಡ, ಹೆಂಡತಿ, ಮಕ್ಕಳು ಅಂತ ಹುಡುಕಿದರೆ ಲೆಕ್ಕ ತಪ್ಪುತ್ತದೆ. ಅಕ್ಕ, ತಮ್ಮ, ಅಕ್ಕನ ಮಕ್ಕಳು ಅಂತ ನೋಡಿದರೆ ಎಲ್ಲ ಸರಿ ಕೂರುತ್ತದೆ. ಕುರ್ಚಿ ಯಾರಿಗೆ, ಚಾಪೆ ಯಾರಿಗೆ ಅನ್ನುವುದು ಕೂಡ ಕುಟುಂಬದ ಕಾನೂನೇ. ಹೆಂಗಸರಿಗೆ ಯಜಮಾನರ ಸಮಕ್ಕೆ ಕುರ್ಚಿ ಹಾಕಿದ್ದಾರಲ್ಲ, ಅದು ಸುಮ್ನೆ ಅಲ್ಲ. ಮನೆ ನಡೆಯುವುದೇ ಅವರ ಬಳ್ಳಿಯಲ್ಲಿ.

1949ರಲ್ಲಿ ಮದ್ರಾಸ್ ಅಳಿಯಸಂತಾನ ಕಾಯ್ದೆ ಬಂತು. ಆಗ ಇಡೀ ದಕ್ಷಿಣ ಕನ್ನಡ ಜಿಲ್ಲೆ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಆಮೇಲೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ. ಅಲ್ಲಿಂದ ಪಾಲು ಜಾಸ್ತಿಯಾಯಿತು. ಪಾಲು ಪಟ್ಟಿಯಲ್ಲಿ ಗದ್ದೆ, ತೋಟ, ಪಾತ್ರೆ, ಮಂಚ ಎಲ್ಲ ಬರೆಯುತ್ತಾರೆ. ಫೋಟೋ ಬರೆದದ್ದನ್ನು ನಾನು ನೋಡಿಲ್ಲ. ಅದಕ್ಕೇ ಈಗ ಈ ಜಗಳ.

ಸೇಡಂ_ಕಲ್ಲು:

ನಮ್ಮ ಕಲಬುರಗಿ ಕಡೆ ಉಲ್ಟಾ. ನಮ್ಮ ತಾಯಿಯ ತವರು ದೊಡ್ಡ ದೇಸಗತಿ ಮನೆ. ಅವರ ಹಳೇ ಫೋಟೋಗಳಲ್ಲಿ ಹೆಣ್ಣುಮಕ್ಕಳೇ ಇಲ್ಲ. ಬರೀ ಗಂಡಸರು, ಕುದುರೆ, ಬಂದೂಕು. ಹೊರಗಿನ ಗಂಡಸು ಕ್ಯಾಮೆರಾ ಹಿಡಿದು ವಾಡೆಯ ಒಳಗೆ ಬರುವ ಹಾಗಿರಲಿಲ್ಲ. ಹೈದರಾಬಾದಿನಲ್ಲಿ ರಾಜಾ ದೀನ್ ದಯಾಳ್ 1892ರಲ್ಲಿ ಹೆಂಗಸರಿಗೆ ಅಂತಲೇ ಬೇರೆ ಸ್ಟುಡಿಯೋ ತೆಗೆದರು, ಒಳಗೆ ಫೋಟೋ ತೆಗೆಯುವವಳೂ ಹೆಂಗಸೇ. ಆ ಸೌಕರ್ಯ ನವಾಬರ ಮನೆಗೆ ಸಿಕ್ಕಿತು, ನಮ್ಮ ಹಳ್ಳಿಗೆ ಬರಲಿಲ್ಲ. ನಮ್ಮ ಮುತ್ತಜ್ಜಿಯ ಮುಖ ಹೆಂಗಿತ್ತು ಅಂತ ಹೇಳುವವರು ಇವತ್ತು ಒಬ್ಬರೂ ಇಲ್ಲ. ನಿಮ್ಮ ಫೋಟೋದಲ್ಲಿ ಅಕ್ಕಂದಿರು ಕುರ್ಚಿ ಮೇಲೆ ಕೂತಿದ್ದಾರೆ ಅಂತ ಓದಿ ಹೊಟ್ಟೆ ತುಂಬಿತು.

ದೋಹಾಕನ್ನಡಿಗ:

ಕಾಲ ಕಂಡುಹಿಡಿಯಲು ಒಂದು ಉಪಾಯ. ಅಕ್ಕಂದಿರ ಕುತ್ತಿಗೆಯಲ್ಲಿ ಪವನಿನ (ಬ್ರಿಟಿಷ್ ಚಿನ್ನದ ನಾಣ್ಯದ) ಸರ ಇದೆಯಾ? ಆ ಸರ ಈಗಲೂ ಮನೆಯಲ್ಲಿದ್ದರೆ ನಾಣ್ಯ ನೋಡಿ. ಕುದುರೆ ಸವಾರ ಇರುವ ಬದಿಯಲ್ಲಿ ಕೆಳಗೆ ಇಸವಿ ಇರುತ್ತದೆ. ಇನ್ನೊಂದು ಬದಿಯಲ್ಲಿ ರಾಜನ ಮುಖ. ವಿಕ್ಟೋರಿಯಾ ಎಡಕ್ಕೆ ನೋಡುತ್ತಾಳೆ, ಏಳನೇ ಎಡ್ವರ್ಡ್ ಬಲಕ್ಕೆ, ಐದನೇ ಜಾರ್ಜ್ ಮತ್ತೆ ಎಡಕ್ಕೆ. ಒಬ್ಬರ ನಂತರ ಒಬ್ಬರು ದಿಕ್ಕು ಬದಲಿಸುವುದು ಅವರ ಪದ್ಧತಿ. ಸರದಲ್ಲಿರುವ ಅತಿ ಈಚಿನ ಇಸವಿ ಯಾವುದೋ, ಸರ ಪೂರ್ತಿಯಾದದ್ದು ಅದರ ನಂತರವೇ.

ಬಾಕಿಮಾರು:

ಸರ ಉಂಟು! ದೊಡ್ಡಮ್ಮನ ಲಾಕರಿನಲ್ಲಿ. ಕೇಳಿ ನೋಡುತ್ತೇನೆ.

ಕಡಲತಡಿ:

ಇನ್ನೊಂದು ವಿಷಯ. ರೈಲು ಮಂಗಳೂರಿಗೆ ಬಂದದ್ದು 1907ರಲ್ಲಿ. ಅದಕ್ಕೆ ಮೊದಲು ಮದ್ರಾಸ್ ಕಡೆಯಿಂದ ಫೋಟೋಗ್ರಾಫರ್ ಬರಬೇಕಾದರೆ ಸುಲಭ ಇರಲಿಲ್ಲ. ಆ ಕಾಲದಲ್ಲಿ ದೊಡ್ಡ ಫೋಟೋ ಅಂದರೆ ಅಷ್ಟೇ ದೊಡ್ಡ ಗಾಜಿನ ಪ್ಲೇಟ್. 12 ಇಂಚಿನ ಪ್ರಿಂಟ್ ಬೇಕಾದರೆ 12 ಇಂಚಿನ ಗಾಜು, ಅದನ್ನು ಹಿಡಿಯುವ ಮರದ ಕ್ಯಾಮೆರಾ, ಮೂರು ಕಾಲಿನ ಸ್ಟ್ಯಾಂಡು. ಮಂಗಳೂರಿನಿಂದ ಉಡುಪಿ ಕಡೆಗೆ ಬರಬೇಕಾದರೆ ಹೊಳೆ ಮೇಲೆ ಹೊಳೆ ದಾಟಬೇಕು, ಎಲ್ಲ ಕಡೆ ಸೇತುವೆ ಎಲ್ಲಿತ್ತು? ದೋಣಿಯಲ್ಲಿ ಗಾಜಿನ ಪೆಟ್ಟಿಗೆ ಇಟ್ಟುಕೊಂಡು ಬಂದಿದ್ದಾರೆ ಅಂದರೆ ಆ ಮನೆಯ ಶ್ರೀಮಂತಿಕೆ ಎಷ್ಟಿರಬೇಕು ನೋಡಿ.

ಅದಕ್ಕಿಂತ ಹಿಂದಿನದು ಬೇಕಾದರೆ ಬಾಸೆಲ್ ಮಿಷನ್ ಸಂಗ್ರಹ ನೋಡಿ. 1834ರಿಂದ ಮಂಗಳೂರಿನಲ್ಲಿದ್ದವರು. ಅವರ ಸಾವಿರಾರು ಹಳೇ ಚಿತ್ರಗಳು ಅಂತರಜಾಲದಲ್ಲಿ ಸಿಗುತ್ತವೆ, ಕರಾವಳಿ, ಕೊಡಗು, ಧಾರವಾಡದ್ದೂ ಇವೆ. ಬಟ್ಟೆ ಉಡುವ ರೀತಿ, ಮುಂಡಾಸಿನ ಸುತ್ತು ಹೋಲಿಸಿ ನೋಡಲು ಒಳ್ಳೆಯದು.

ಮೈಸೂರ್‌ಪಾಕ್:

ಒಂದು ಎಐ ಆ್ಯಪ್‌ನಲ್ಲಿ ಹಾಕಿದರೆ ಐದೇ ನಿಮಿಷದಲ್ಲಿ ಮುಖ ಎಲ್ಲ ಕ್ಲಿಯರ್ ಆಗಿ, ಬಣ್ಣ ಕೂಡ ಬರುತ್ತದೆ. ನಮ್ಮ ತಾತನ ಫೋಟೋಗೆ ಮಾಡಿದೆ, ಮನೆಯವರೆಲ್ಲ ಖುಷಿಪಟ್ಟರು. ಇಷ್ಟೆಲ್ಲ ಕಷ್ಟ ಯಾಕೆ?

ಹಳೆಗಾಜು:

ಖುಷಿಗೆ ಮಾಡಿ, ಬೇಡ ಅನ್ನುವುದಿಲ್ಲ. ಆದರೆ ಅದನ್ನೇ ಅಸಲು ಅಂತ ಮುಂದಿನವರಿಗೆ ಕೊಡಬೇಡಿ. ಆ ಆ್ಯಪ್‌ಗೆ ನಿಮ್ಮ ತಾತನ ಕಣ್ಣು ಗೊತ್ತಿಲ್ಲ. ಬೇರೆ ಲಕ್ಷಾಂತರ ಮುಖಗಳಿಂದ ಕಲಿತ ಕಣ್ಣನ್ನು ಅಲ್ಲಿ ಕೂರಿಸುತ್ತದೆ.

ಬಣ್ಣದ ವಿಷಯವಂತೂ ಇನ್ನೂ ಕಷ್ಟ. ಹಳೇ ಪ್ಲೇಟುಗಳಿಗೆ ಕೆಂಪು ಕಾಣುತ್ತಲೇ ಇರಲಿಲ್ಲ. ನೀಲಿ ಬೆಳಕು ಚೆನ್ನಾಗಿ ತಾಗುತ್ತಿತ್ತು, ಕೆಂಪು ತಾಗುತ್ತಿರಲಿಲ್ಲ. ಹಾಗಾಗಿ ಕೆಂಪು ಸೀರೆ ಕಪ್ಪಾಗಿ ಬರುತ್ತದೆ, ನೀಲಿ ಸೀರೆ ಬೆಳ್ಳಗೆ ಬರುತ್ತದೆ. ಹಣೆಯ ಕುಂಕುಮ ಕಪ್ಪು ಚುಕ್ಕಿ. ನಮ್ಮ ಮೈಬಣ್ಣ ಕೂಡ ಇರುವುದಕ್ಕಿಂತ ಗಾಢವಾಗಿ ಬರುತ್ತದೆ. "ಮುತ್ತಜ್ಜಿ ಇಷ್ಟು ಕಪ್ಪಿದ್ದರಾ" ಅಂತ ಕೇಳುವವರಿಗೆ ಇದನ್ನು ಹೇಳಿ. ಬಿಳಿ ಕಂಡದ್ದಕ್ಕೆಲ್ಲ ಆ್ಯಪ್ ಬಿಳಿಯೇ ಹಾಕುತ್ತದೆ. ಹಾಗೆ ಮಾಡಿದರೆ ಮುತ್ತೈದೆಗೆ ಬಿಳಿ ಸೀರೆ ಉಡಿಸಿದ ಹಾಗಾಯಿತಲ್ವಾ?

ಸ್ಕ್ಯಾನ್ ಮಾಡುವುದಾದರೆ ಹೀಗೆ. ಗಾಜಿನ ಸಮೇತ ಸ್ಕ್ಯಾನರಿನ ಮೇಲೆ ಇಡಬೇಡಿ, ಭಾರಕ್ಕೆ ಎರಡೂ ಒಡೆದಾವು, ಫೋಕಸ್ ಕೂಡ ಸರಿ ಬರುವುದಿಲ್ಲ. ಒಳ್ಳೆಯ ಕ್ಯಾಮೆರಾದಲ್ಲಿ, ಎರಡು ಕಡೆಯಿಂದ ಓರೆ ಬೆಳಕು ಕೊಟ್ಟು, ಎದುರಿಗೆ ಕಪ್ಪು ಬಟ್ಟೆ ಹಿಡಿದು ತೆಗೆಸಿ. ಭಾಗ ಭಾಗವಾಗಿ ತೆಗೆದು ಜೋಡಿಸಿದರೆ 1200 ಡಿಪಿಐ (ಇಂಚಿಗೆ 1200 ಚುಕ್ಕಿ) ಮಟ್ಟಕ್ಕೆ ಬರುತ್ತದೆ. ಟಿಫ್ ಫೈಲ್ ಆಗಿ ಇಟ್ಟುಕೊಳ್ಳಿ. ವಾಟ್ಸಾಪಿನಲ್ಲಿ ಕಳಿಸಿದ್ದನ್ನು ಪ್ರಿಂಟ್ ಹಾಕಿಸಬೇಡಿ. ಅಂಟು ಬಿಡಿಸಲೇಬೇಕು ಅಂತಿದ್ದರೆ ಬೆಂಗಳೂರಿನಲ್ಲಿ ಇಂಟ್ಯಾಕ್‌ನ (ಪರಂಪರೆ ಉಳಿಸುವ ಸಂಸ್ಥೆ) ಸಂರಕ್ಷಣಾ ಕೇಂದ್ರ ಇದೆ, ಅವರನ್ನು ಕೇಳಿ.

ಅಡಿಕೆಹಾಳೆ:

ನಾನು ಇಲ್ಲಿ ಬರೆಯುವುದು ಕಡಿಮೆ. ಈ ಚರ್ಚೆ ಎರಡು ಸಲ ಓದಿದೆ.

ನಮ್ಮವರು ಒಕ್ಕಲು. ನಿಮ್ಮ ಗುತ್ತಿನವರಲ್ಲ, ಬೇರೆ ಊರು. ಅಜ್ಜ ಚಾಲಗೇಣಿಗೆ, ಅಂದರೆ ಧಣಿಗಳು ಬೇಕೆಂದಾಗ ಬಿಡಿಸಬಹುದಾದ ಗೇಣಿಗೆ, ಗದ್ದೆ ಮಾಡುತ್ತಿದ್ದರು. 1974ರ ಭೂಸುಧಾರಣೆ ಕಾನೂನು ಬಂದಾಗ ಡಿಕ್ಲರೇಷನ್ ಹಾಕಿ ಗದ್ದೆ ನಮ್ಮದಾಯಿತು. ಧಣಿಗಳ ಮನೆಗೂ ನಮಗೂ ಕೆಲವು ವರ್ಷ ಮಾತಿರಲಿಲ್ಲ. ಈಗ ಇದೆ.

ನಮ್ಮ ಮನೆಯಲ್ಲಿ ಹಳೇ ಫೋಟೋ ಇಲ್ಲ. ಒಂದೂ ಇಲ್ಲ. ಅಜ್ಜಿಯ ಜೀವನದ ಮೊದಲ ಫೋಟೋ ಮತದಾರರ ಗುರುತಿನ ಚೀಟಿಗೆ ತೆಗೆದದ್ದು. ಅವರು ತೀರಿಕೊಂಡಾಗ ಅದನ್ನೇ ದೊಡ್ಡದು ಮಾಡಿಸಿ ಗೋಡೆಗೆ ಹಾಕಿದೆವು. ಮುಖ ಚುಕ್ಕಿ ಚುಕ್ಕಿಯಾಗಿ ಒಡೆದಿದೆ. ಅಜ್ಜನದ್ದು ಅದೂ ಇಲ್ಲ.

ನಮ್ಮ ಹಿರಿಯರ ಫೋಟೋ ಎಲ್ಲಾದರೂ ಇದ್ದರೆ ಅದು ಧಣಿಗಳ ಫೋಟೋದ ಅಂಚಿನಲ್ಲೇ ಇರಬೇಕು. ಬೇರೆಲ್ಲೂ ಇರುವ ದಾರಿ ಇಲ್ಲ. ನಿಮ್ಮ ಅಂಗಡಿಯವನು ನೀಟಾಗಿ ಮಾಡಿ ಕೊಡುತ್ತೇನೆ ಅಂದನಲ್ಲ, ಅವನು ಅಳಿಸಲು ಹೊರಟದ್ದು ಯಾರದೋ ಮನೆಯ ಒಂದೇ ಒಂದು ಫೋಟೋವನ್ನು. ನೀವು ವಾಪಸ್ ತಂದದ್ದು ದೊಡ್ಡ ಕೆಲಸ.

ಎಡಗಡೆಯ ಇಬ್ಬರು ಗಂಡಸರ ಬಗ್ಗೆ ಇನ್ನೂ ಸ್ವಲ್ಪ ಹೇಳುತ್ತೀರಾ? ಏನು ಉಟ್ಟಿದ್ದಾರೆ, ಕೈಯಲ್ಲಿ ಏನಿದೆ?

ಬಾಕಿಮಾರು:

ನಿಮ್ಮ ಮಾತು ಓದಿ ಭೂತಗನ್ನಡಿ ಹಿಡಿದು ಕೂತೆ. ನಿಜ ಹೇಳಬೇಕೆಂದರೆ ಇಷ್ಟು ವರ್ಷ ನಾವೆಲ್ಲ ನೋಡುತ್ತಿದ್ದದ್ದು ನಡುವಿನ ಕುರ್ಚಿಯನ್ನು.

ಇಬ್ಬರೂ ಬರೀ ಮೈ. ಸೊಂಟಕ್ಕೆ ಮೊಣಕಾಲಿನವರೆಗೆ ಬೈರಾಸು. ಒಬ್ಬರು ವಯಸ್ಸಾದವರು, ಎದೆಯ ಕೂದಲು ನರೆತಿದೆ. ಅವರ ಕಂಕುಳಲ್ಲಿ ಮುಟ್ಟಾಳೆ, ಅಡಿಕೆ ಹಾಳೆಯ ಟೋಪಿ. ಧಣಿಗಳ ಎದುರು ತಲೆಯಿಂದ ತೆಗೆದು ಕಂಕುಳಲ್ಲಿ ಇಟ್ಟದ್ದು. ಅದರ ಹೊಲಿಗೆ ಕೂಡ ಕಾಣುತ್ತದೆ. ಎಡಗಾಲಿನ ಹೆಬ್ಬೆರಳು ಒಂದು ಕಡೆಗೆ ತಿರುಗಿದೆ, ಹಳೇ ಪೆಟ್ಟು ಇರಬೇಕು. ಇನ್ನೊಬ್ಬರು ಯುವಕ, ಕ್ಯಾಮೆರಾವನ್ನು ನೇರ ನೋಡುತ್ತಿದ್ದಾರೆ. ಪಕ್ಕದ ಹುಡುಗ ಹತ್ತು ವರ್ಷದವನು. ಬಲಗಡೆಯ ಹೆಂಗಸಿನ ಕೈಯಲ್ಲಿರುವ ಮಗು ತಲೆ ಅಲ್ಲಾಡಿಸಿದೆ, ಮುಖ ಮಸುಕು. ಮಗು ನಮ್ಮ ಮನೆಯದು. ಎತ್ತಿಕೊಂಡವಳ ಮುಖ ಮಾತ್ರ ಸ್ಪಷ್ಟವಾಗಿದೆ.

ಕಡಲತಡಿ:

ನಿಮ್ಮ ಹಳೇ ಒಕ್ಕಲು ಮನೆಗಳಲ್ಲಿ ಹಿರಿಯರು ಯಾರಾದರೂ ಇದ್ದಾರಾ? ಪ್ರಿಂಟ್ ತೆಗೆದುಕೊಂಡು ಹೋಗಿ. ಫೋನಿನಲ್ಲಿ ತೋರಿಸಬೇಡಿ, ವಯಸ್ಸಾದವರಿಗೆ ಕಾಣುವುದಿಲ್ಲ. ಹೆಸರು ಕೇಳುವ ಮೊದಲು ಜಾಗ ಕೇಳಿ. "ಕೆಳಗಿನ ಗದ್ದೆಯಲ್ಲಿ ಆಗ ಯಾರಿದ್ದರು, ಕೋಣ ಕಟ್ಟುತ್ತಿದ್ದವರು ಯಾರು" ಅಂತ. ಜಾಗದ ಹಿಂದೆ ಹೆಸರು ಬರುತ್ತದೆ. ಮತ್ತೆ ಈ ಕೆಲಸ ಬೇಗ ಮಾಡಿ. ತೊಂಬತ್ತು ದಾಟಿದವರು ಇನ್ನೆಷ್ಟು ಮಳೆಗಾಲ ಇರುತ್ತಾರೆ?

ಬಾಕಿಮಾರು:

ತಡವಾಯಿತು, ಕ್ಷಮಿಸಿ. ಹೇಳುವುದು ತುಂಬ ಇದೆ.

ಮೊದಲು ಸರದ ವಿಷಯ. ದೊಡ್ಡಮ್ಮನ ಜೊತೆ ಬ್ಯಾಂಕಿಗೆ ಹೋಗಿ ನೋಡಿದೆ. ವಿಕ್ಟೋರಿಯಾ ಜಾಸ್ತಿ, ಎಡ್ವರ್ಡ್ ಕೆಲವು, ಜಾರ್ಜ್ ಕೆಲವು. ಎಲ್ಲಕ್ಕಿಂತ ಈಚಿನದು 1918. ಅದರಲ್ಲಿ ಇಸವಿಯ ಮೇಲೆ ಕಡ್ಡಿಯ ಹಾಗೆ ಒಂದು ಸಣ್ಣ ಅಕ್ಷರ ಉಂಟು.

ದೋಹಾಕನ್ನಡಿಗ:

ಅದು ಇಂಗ್ಲಿಷಿನ 'ಐ'. ಬೊಂಬಾಯಿಯ ಟಂಕಸಾಲೆಯದ್ದು! ಬೊಂಬಾಯಿಯಲ್ಲಿ ಪವನ್ ಹೊಡೆದದ್ದು 1918ರಲ್ಲಿ ಮಾತ್ರ. ಫೋಟೋದಲ್ಲಿ ಕಾಣುವ ನಾಣ್ಯಗಳನ್ನು ಎಣಿಸಿ, ಈಗಿನ ಸರದ ಲೆಕ್ಕಕ್ಕೆ ಹೊಂದುತ್ತಾ ನೋಡಿ. ಹೊಂದಿದರೆ ಫೋಟೋ 1918ರ ಈಚೆಗೆ ಅಂತ ಹೇಳಬಹುದು. ನಡುವೆ ಒಂದು ಪವನ್ ಬದಲಾಯಿಸಿದ್ದರೆ ಮಾತ್ರ ಲೆಕ್ಕ ಕೆಡುತ್ತದೆ.

ಬಾಕಿಮಾರು:

ಎದುರಿನ ಸಾಲು ಹೊಂದುತ್ತದೆ. ಹಿಂದಿನದು ಸೆರಗಿನೊಳಗೆ. ಅಮ್ಮನ ಅಜ್ಜಿ ಹುಟ್ಟಿದ್ದು 1911ರ ಸುಮಾರಿಗೆ ಅಂತ ಮನೆಯಲ್ಲಿ ಹೇಳುತ್ತಾರೆ. ಏಳೆಂಟು ವರ್ಷದ ಹುಡುಗಿ ಅಂದರೆ ಅದಕ್ಕೂ ಹೊಂದುತ್ತದೆ. 1919ರ ಆಚೀಚೆ ಅಂತ ಬರೆದಿಡುತ್ತೇನೆ.

ಈಗ ಅಂಚಿನವರು. ಗದ್ದೆಯಾಚೆಯ ಮನೆಗೆ ಪ್ರಿಂಟ್ ತೆಗೆದುಕೊಂಡು ಹೋದೆ. ನಮ್ಮ ಹಳೇ ಒಕ್ಕಲು, ಈಗ ಅವರದ್ದೇ ಜಾಗ, ಒಳ್ಳೆ ತೋಟ ಮಾಡಿದ್ದಾರೆ. ಅಲ್ಲಿನ ಅಜ್ಜಿಗೆ ತೊಂಬತ್ತರ ಮೇಲೆ. ಅವರು ನಮ್ಮ ಯಜಮಾನರನ್ನು ನೋಡಲೇ ಇಲ್ಲ. ನೇರ ಎಡಗಡೆಗೆ ಬೆರಳಿಟ್ಟರು. ಮುಖ ನೋಡಿ ಅಲ್ಲ, ಕಾಲು ನೋಡಿ. ಆ ಹೆಬ್ಬೆರಳು. ಅವರ ಗಂಡನ ಅಜ್ಜನಿಗೆ ಕಂಬಳದ ಗದ್ದೆಯಲ್ಲಿ ಕೋಣ ತುಳಿದು ಬೆರಳು ತಿರುಗಿತ್ತಂತೆ. ಮದುವೆಯಾಗಿ ಬಂದ ಹೊಸದರಲ್ಲಿ ಆ ಕಾಲಿಗೆ ಎಣ್ಣೆ ಹಚ್ಚಿದ್ದು ಇವರೇ. ಯುವಕ ಅವರ ಮಗ, ಅಂದರೆ ಇವರ ಮಾವ. ಹುಡುಗ ಯಾರು ಅಂತ ಗೊತ್ತಾಗಲಿಲ್ಲ. ಮಗು ಎತ್ತಿಕೊಂಡವಳು ಬೇರೆ ಮನೆಯವಳು, ಅವಳ ಮನೆತನದವರು ಘಟ್ಟ ಹತ್ತಿ ಕಾಫಿ ತೋಟಕ್ಕೆ ಹೋದರಂತೆ. ಹೆಸರು ಅಜ್ಜಿಗೆ ನೆನಪಿದೆ. ಅವಳು ನಮ್ಮ ಮನೆಯ ಮಕ್ಕಳಿಗೆ ಹಾಲು ಕೊಟ್ಟವಳು ಅಂತ ಹೇಳಿದರು. ಇದು ನಮ್ಮ ಮನೆಯಲ್ಲಿ ಯಾರೂ ಹೇಳಿರಲಿಲ್ಲ.

ಮೂರು ಹೆಸರು ಸಿಕ್ಕಿತು. ಇಲ್ಲಿ ಹಾಕುವುದಿಲ್ಲ, ಅವರ ಮನೆಯವರನ್ನು ಕೇಳದೆ ಹಾಕುವುದು ಸರಿಯಲ್ಲ.

ಸೇಡಂ_ಕಲ್ಲು:

ಓದಿ ಮೈ ಜುಮ್ಮಂತು. ಹೆಸರು ಎಲ್ಲಿ ಬರೀತೀರಿ? ಫೋಟೋ ಹಿಂದೆ ಬಾಲ್ ಪೆನ್ನಿನಲ್ಲಿ ಬರೀಬೇಡಿ. ನಮ್ಮಲ್ಲಿ ಒಂದು ಫೋಟೋದಲ್ಲಿ ಹಿಂದಿನ ಅಕ್ಷರ ಎಲ್ಲ ಮುಂದೆ ಮುಖದ ಮೇಲೆ ಎದ್ದಿವೆ.

ಹಳೆಗಾಜು:

ಸರಿಯಾಗಿ ಹೇಳಿದಿರಿ. ಒಂದು ತೆಳು ಕಾಗದ ಪ್ರಿಂಟಿನ ಮೇಲಿಟ್ಟು 19 ಜನರ ಆಕಾರದ ಗೆರೆ ಎಳೆಯಿರಿ, ಒಳಗೆ ನಂಬರ್ ಹಾಕಿ, ಕೆಳಗೆ ಹೆಸರು ಬರೆಯಿರಿ. ಅಸಲಿನ ಮೇಲಿಟ್ಟು ಬರೆಯಬೇಡಿ, ಒತ್ತು ಬೀಳುತ್ತದೆ. 19 ಜನರಿಗೂ ಒಂದೇ ಪಟ್ಟಿ ಇರಲಿ. ಮನೆಯವರು ಮೇಲೆ, ಕೆಲಸದವರು ಕೆಳಗೆ ಅಂತ ಬೇರೆ ಮಾಡಬೇಡಿ. ಹೆಸರು ಸಿಗದ ಹುಡುಗನಿಗೂ ನಂಬರ್ ಕೊಡಿ. ಹೆಸರು ಯಾರು ಹೇಳಿದರು, ಯಾವಾಗ ಹೇಳಿದರು ಅನ್ನುವುದನ್ನೂ ಬರೆಯಿರಿ.

ಅಸಲನ್ನು ಮತ್ತೆ ಗೋಡೆಗೆ ಹಾಕುವುದಾದರೆ ಮಳೆ ಹೊಡೆಯುವ ಹೊರಗೋಡೆ ಬೇಡ. ಫ್ರೇಮಿನ ಹಿಂದೆ ನಾಲ್ಕು ಮೂಲೆಗೆ ಬಿರಡೆ ಚೂರು ಅಂಟಿಸಿ, ಗಾಳಿ ಆಡಲಿ. ಹಲಗೆಯ ಬದಲು ಆಮ್ಲ ಇಲ್ಲದ ರಟ್ಟು. ನನ್ನನ್ನು ಕೇಳಿದರೆ ಗೋಡೆಗೆ ಒಳ್ಳೆ ಪ್ರಿಂಟ್ ಹಾಕಿ, ಅಸಲನ್ನು ಒಳಕೋಣೆಯ ಕಪಾಟಿನಲ್ಲಿ ಅಡ್ಡಲಾಗಿ ಮಲಗಿಸಿ ಇಡಿ. ನುಸಿಗುಳಿಗೆ ಹಾಕಬೇಡಿ.

ಕಡಲತಡಿ:

ಫೈಲಿನ ಒಂದು ಪ್ರತಿ ಹೊರಗೆ ಕೊಡುವ ಮನಸ್ಸಿದ್ದರೆ ಬಿ.ಸಿ. ರೋಡಿನ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರದವರನ್ನೋ, ಉಡುಪಿ ಎಂಜಿಎಂ ಕಾಲೇಜಿನ ಗೋವಿಂದ ಪೈ ಸಂಶೋಧನ ಕೇಂದ್ರದವರನ್ನೋ ಕೇಳಿ ನೋಡಿ. ನಾಲ್ಕು ಕವಲಿನ ಜಗಳ ಏನಾಯಿತು?

ಬಾಕಿಮಾರು:

ಪೂರ್ತಿ ಮುಗಿದಿಲ್ಲ. ಮೂವರು ಪ್ರಿಂಟಿಗೆ ಒಪ್ಪಿದ್ದಾರೆ. ಒಬ್ಬರು ಮಾವ ಇನ್ನೂ "ಅಸಲು ನನ್ನಲ್ಲಿರಲಿ, ಲ್ಯಾಮಿನೇಷನ್ ಮಾಡಿಸಿ ಇಡುತ್ತೇನೆ" ಅನ್ನುತ್ತಿದ್ದಾರೆ. ಲ್ಯಾಮಿನೇಷನ್ ಶಾಖಕ್ಕೆ ಫೋಟೋ ಹಾಳಾಗುತ್ತದೆ ಅಂತ ಹೇಳಿದೆ, ಇಲ್ಲಿ ನೀವೆಲ್ಲ ಬರೆದದ್ದನ್ನೂ ಅವರಿಗೆ ಓದಿ ಹೇಳಿದ್ದೇನೆ. ನೇಮಕ್ಕೆ (ದೈವದ ಉತ್ಸವಕ್ಕೆ) ಎಲ್ಲರೂ ಸೇರುತ್ತೇವೆ, ಆಗ ತೀರ್ಮಾನ ಆಗಬೇಕು. ಅಸಲು ಮೂಲಮನೆ ಬಿಟ್ಟು ಹೋಗಬಾರದು ಅನ್ನುವುದು ನನ್ನ ಹಟ.

ಇನ್ನೊಂದು ಕೇಳಬೇಕಿತ್ತು. ಗದ್ದೆಯಾಚೆಯ ಮನೆಗೆ ಇಡೀ ಫೋಟೋಕ್ಕೆ ಫ್ರೇಮ್ ಹಾಕಿಸಿ ಕೊಡಬೇಕು ಅಂದುಕೊಂಡಿದ್ದೆ. ಅಜ್ಜಿಯ ಮೊಮ್ಮಗ ಬೇಡ ಅಂದ. "ಅಜ್ಜನನ್ನು ಮಾತ್ರ ದೊಡ್ಡದು ಮಾಡಿ ಕೊಡಿ. ಧಣಿಗಳು ಬೇಡ." ಕೋಪದಿಂದ ಹೇಳಿದ್ದಲ್ಲ. ಆದರೂ ಕೇಳಿ ಒಂದು ಕ್ಷಣ ಏನು ಹೇಳಬೇಕು ಅಂತ ತೋಚಲಿಲ್ಲ.

ಅಡಿಕೆಹಾಳೆ:

ಅವನು ಕೇಳಿದ್ದು ಸರಿ. ನಾನಾಗಿದ್ದರೂ ಅದನ್ನೇ ಕೇಳುತ್ತಿದ್ದೆ. ನಿಮ್ಮ ಮನೆಯ ಫೋಟೋದಲ್ಲಿ 19 ಜನ ಇರಲಿ, ಅದು ನಡೆದ ಸಂಗತಿ, ಬದಲಾಯಿಸಬಾರದು. ಅವರ ಮನೆಯ ಗೋಡೆಯಲ್ಲಿ ಅವರ ಅಜ್ಜ ಅಂಚಿನಲ್ಲಿ ಯಾಕೆ ನಿಲ್ಲಬೇಕು? ನಡುವೆ ನಿಲ್ಲಲಿ. ಮಗನನ್ನೂ ಸೇರಿಸಿ ಅಂತ ಹೇಳಿ ನೋಡಿ, ಇಬ್ಬರೂ ಪಕ್ಕ ಪಕ್ಕದಲ್ಲೇ ಇದ್ದಾರಲ್ಲ.

ಹಳೆಗಾಜು:

ದೊಡ್ಡದು ಮಾಡಬಹುದು, ಚೆನ್ನಾಗಿಯೇ ಬರುತ್ತದೆ. ಗಾಜಿನ ಪ್ಲೇಟಿನಿಂದ ನೇರ ಒತ್ತಿ ತೆಗೆದ ಪ್ರಿಂಟಿನಲ್ಲಿ ವಿವರ ಜಾಸ್ತಿ. ನಿಂತ ಮನುಷ್ಯ ಎಷ್ಟು ಎತ್ತರ ಇದ್ದಾರೆ ಅಳೆಯಿರಿ. ಸುಮಾರು 4 ಇಂಚು ಇದ್ದರೆ 1200 ಡಿಪಿಐ ಫೈಲಿನಲ್ಲಿ 4800 ಪಿಕ್ಸೆಲ್. 300ರ ಲೆಕ್ಕದಲ್ಲಿ 16 ಇಂಚು ಎತ್ತರದ ಪ್ರಿಂಟ್ ಧಾರಾಳವಾಗಿ ಬರುತ್ತದೆ. ತಲೆಯಿಂದ ಕಾಲಿನವರೆಗೂ ಇಡಿ, ಎದೆಯವರೆಗೆ ಕತ್ತರಿಸಬೇಡಿ. ಮುಟ್ಟಾಳೆ ಬರಲಿ, ಹೆಬ್ಬೆರಳು ಬರಲೇಬೇಕು. ಮ್ಯಾಟ್ ಕಾಗದದಲ್ಲಿ ಹಾಕಿಸಿ. ಮುಖ ನುಣ್ಣಗೆ ಮಾಡಬೇಡಿ ಅಂತ ಅಂಗಡಿಯವರಿಗೆ ಚೀಟಿ ಬರೆದು ಕೊಡಿ, ಬಾಯಲ್ಲಿ ಹೇಳಿದರೆ ಮರೆಯುತ್ತಾರೆ.

ಬಾಕಿಮಾರು:

ಅಳೆದೆ. ಅಜ್ಜ 4 ಇಂಚಿಗೆ ಸ್ವಲ್ಪ ಕಡಿಮೆ, ಮಗ 4 ಇಂಚು. ಇಬ್ಬರನ್ನೂ ಸೇರಿಸಿದ್ದಕ್ಕೆ ಆ ಮನೆಯವರು ಒಪ್ಪಿದ್ದಾರೆ. ಒಂದು ಪ್ರಿಂಟ್ ಅವರಿಗೆ, ಇನ್ನೊಂದು ಅವರ ಮಗಳ ಮನೆಗೆ ಮುಂಬಯಿಗೆ. ಹುಡುಗ ಯಾರು ಅಂತ ವಿಚಾರಿಸಲು ಕೆಳಗಿನ ಬೈಲಿನ ಇನ್ನೆರಡು ಮನೆಗೆ ಹೋಗುವುದು ಬಾಕಿ ಉಂಟು. ಮಗು ಎತ್ತಿಕೊಂಡವಳ ಮನೆತನದವರು ಮೂಡಿಗೆರೆ ಕಡೆ ಇರಬಹುದು ಅಂತ ಒಬ್ಬರು ಹೇಳಿದರು. ಆ ಕಡೆಯವರು ಇಲ್ಲಿ ಯಾರಾದರೂ ಇದ್ದರೆ ನನಗೆ ಸಂದೇಶ ಕಳಿಸಿ, ಹೆಸರು ಹೇಳುತ್ತೇನೆ.